ಯಾವ ಊರು, ಯಾರ ಪೈಕಿ: ದೇಶನೂರು ಸೀಮೆಯಲ್ಲಿ ಗುರುತಿನ ಚರಿತ್ರೆ

ಹೊಸಬನೊಬ್ಬ ಹಳ್ಳಿಯ ಕಟ್ಟೆಗೆ ಬಂದು ಕುಳಿತರೆ ಅವನಿಗೆ ಮೊದಲು ದೊರೆಯುವುದು ಕುಡಿಯಲು ನೀರು. ಅನಂತರ ಎರಡು ಪ್ರಶ್ನೆಗಳು. ಯಾವ ಊರು? ಯಾರ ಪೈಕಿ? ಇವೆರಡಕ್ಕೂ ಉತ್ತರ ಸಿಕ್ಕಿದ ಮೇಲೆಯೇ ಅವನ ಸ್ವಂತ ಹೆಸರನ್ನು ವಿಚಾರಿಸುವುದು ಉತ್ತರ ಕರ್ನಾಟಕದ ಹಳ್ಳಿಗಳ ವಾಡಿಕೆ. ಹೆಸರು ಅವನೊಬ್ಬನದು. ಊರು ಮತ್ತು ಪೈಕಿಗಳಾದರೋ ಅವನು ಹುಟ್ಟುವ ಮುಂಚೆಯೇ ಇದ್ದಂಥವು, ಅವನ ಅನಂತರವೂ ಇರತಕ್ಕಂಥವು. ಮನುಷ್ಯನು ತನ್ನನ್ನು ತಾನು ಇಂಥವನೆಂದು ಬಗೆಯುವುದಕ್ಕೂ ಸಮಾಜವು ಅವನನ್ನು ಇಂಥವನೆಂದು ಎಣಿಸುವುದಕ್ಕೂ ಇರುವ ಸಂಬಂಧವನ್ನು ಸಮಾಜಶಾಸ್ತ್ರವು ಕಳೆದ ನೂರು ವರ್ಷಗಳಿಂದ ಪರಿಶೀಲಿಸುತ್ತ ಬಂದಿದೆ. ಅಮೆರಿಕದ ಚಾರ್ಲ್ಸ್ ಕೂಲಿ 1902ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇತರರನ್ನೇ ಕನ್ನಡಿಗೆ ಹೋಲಿಸಿದ. ಅವರ ಕಣ್ಣಿನಲ್ಲಿ ತಾನು ಹೇಗೆ ಕಾಣುತ್ತಿರುವೆನೆಂಬ ಊಹೆಯಿಂದಲೇ ವ್ಯಕ್ತಿಗೆ ತನ್ನ ಬಗೆಗಿನ ಭಾವನೆ ಮೂಡುತ್ತದೆ ಎಂದು ಅವನ ಮತ. ಜಾರ್ಜ್ ಹರ್ಬರ್ಟ್ ಮೀಡನ ಉಪನ್ಯಾಸಗಳು ಅವನ ಮರಣಾನಂತರ 1934ರಲ್ಲಿ ಗ್ರಂಥರೂಪದಲ್ಲಿ ಬಂದವು. ಮಗು ಆಟದಲ್ಲಿ ತಾಯಿಯಾಗಿ, ಅಂಗಡಿಯವನಾಗಿ, ಪೊಲೀಸನಾಗಿ ನಟಿಸುತ್ತ ನಟಿಸುತ್ತ ಕೊನೆಗೆ ಇಡೀ ಸಮಾಜದ ದೃಷ್ಟಿಯಿಂದ ತನ್ನನ್ನು ನೋಡಿಕೊಳ್ಳಲು ಕಲಿಯುವುದನ್ನು ಅವನು ಅಲ್ಲಿ ವಿವರಿಸಿದ್ದಾನೆ.

ಇವು ಮುಖಾಮುಖಿಯಾಗಿ ಬಾಳುವ ಜನರನ್ನು ಕುರಿತ ಮಾತುಗಳು. ಆದರೆ ಯಾರು ನೀನು ಎಂದು ಕೇಳುವವನು ಕಟ್ಟೆಯ ಮೇಲಿನ ಹಿರಿಯನಲ್ಲದೆ ಅರಸನೋ ಅಮಲ್ದಾರನೋ ಜನಗಣತಿಯ ಗಣಕನೋ ನ್ಯಾಯಾಧೀಶನೋ ಆದಾಗ ಏನಾಗುತ್ತದೆ? ಆಗ ಉತ್ತರವು ದಾಖಲೆಯಾಗುತ್ತದೆ. ದಾಖಲೆಯ ಮೇಲೆ ಶಾಲೆ, ಕಚೇರಿ, ರಾಜ್ಯದ ಗಡಿ ಎಲ್ಲವೂ ನಿಲ್ಲುತ್ತವೆ. ಇದನ್ನು ತಿಳಿಯಲು ಸಿದ್ಧಾಂತಕ್ಕಿಂತ ಚರಿತ್ರೆಯೇ ಹೆಚ್ಚು ಉಪಯುಕ್ತ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ದೇಶನೂರು ಸೀಮೆಯು ಇಂಥ ಚರಿತ್ರೆಗೆ ಒದಗುವ ಅಪರೂಪದ ನೆಲ. ಉತ್ತರಕ್ಕೆ ತುಂಗಭದ್ರೆ, ಅದರ ಆಚೆಯ ದಡ 1948ರವರೆಗೆ ನಿಜಾಮನದು. ಪೂರ್ವಕ್ಕೆ ಸ್ವಲ್ಪ ದೂರದಲ್ಲಿಯೇ ಆಂಧ್ರದ ಗಡಿ. ನಡುವೆ ಹಗರಿ ಎಂದು ಜನ ಕರೆಯುವ ವೇದಾವತಿ ತುಂಗಭದ್ರೆಯನ್ನು ಸೇರುವ ಎರೆಭೂಮಿ. ದೇಶನೂರಿನ ಹೆಸರು ದೂರದವರಿಗೆ ಪರಿಚಯವಾದದ್ದು ಅಲ್ಲಿನ ಸಕ್ಕರೆ ಕಾರ್ಖಾನೆಯಿಂದ. ಬೆಳಗಾವಿ ಜಿಲ್ಲೆಯಲ್ಲಿಯೂ ಇದೇ ಹೆಸರಿನ ಇನ್ನೊಂದು ಊರುಂಟು; ಆದ್ದರಿಂದ ದೇಶನೂರಿನವನು ತನ್ನ ಊರಿನ ಹೆಸರನ್ನು ಹೇಳಿದ ಮೇಲೂ ತಾಲ್ಲೂಕನ್ನು ಕೂಡಿಸಿ ಹೇಳಬೇಕು. ಅವನು ಊರೊಳಗೆ ಮನೆತನದ ಅಡ್ಡಹೆಸರಿನವನು, ಸಿರುಗುಪ್ಪದ ಸಂತೆಯಲ್ಲಿ ದೇಶನೂರಿನವನು, ಬಳ್ಳಾರಿಯಲ್ಲಿ ಸಿರುಗುಪ್ಪದ ಕಡೆಯವನು, ಬೆಂಗಳೂರಿನಲ್ಲಿ ಬಳ್ಳಾರಿಯವನು. ವ್ಯಕ್ತಿ ಒಬ್ಬನೇ, ಕೇಳುವವನು ನಿಂತ ಸ್ಥಳ ಬದಲಾದಂತೆ ಉತ್ತರ ಬದಲಾಗುತ್ತದೆ. ಇದರಲ್ಲಿ ಸುಳ್ಳು ಯಾವುದೂ ಇಲ್ಲ.

ಈ ತಾಲ್ಲೂಕಿನಲ್ಲಿ ದೊರೆತಿರುವ ಅತ್ಯಂತ ಪ್ರಾಚೀನವಾದ ಬರಹಗಳೇ ಒಬ್ಬ ಮನುಷ್ಯನ ಗುರುತಿಗೆ ಸಂಬಂಧಿಸಿದವು ಎಂಬುದು ಸ್ವಾರಸ್ಯಕರ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸಿದಾಗ ಶಾಸನಗಳಲ್ಲಿ ಕಂಡದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಆ ಅರಸನೇ ಅಶೋಕನೆಂದು ಸಿಂಹಳದ ಬೌದ್ಧ ಗ್ರಂಥಗಳ ನೆರವಿನಿಂದ ಊಹಿಸಬೇಕಾಯಿತು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕ ಎಂಬ ಹೆಸರು ಮೊದಲ ಬಾರಿಗೆ ಕಾಣಿಸಿಕೊಂಡಿತು. ಅನಂತರ ಮಧ್ಯಪ್ರದೇಶದ ಗುಜರ್ರಾ. ಆಮೇಲೆ 1970ರ ದಶಕದ ಉತ್ತರಾರ್ಧದಲ್ಲಿ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉದೆಗೊಳ. ಅಶೋಕನ ಅಷ್ಟೊಂದು ಶಾಸನಗಳಲ್ಲಿ ಅವನ ಸ್ವಂತ ಹೆಸರನ್ನು ಬಂಡೆಯ ಮೇಲೆ ಉಳಿಸಿಕೊಂಡಿರುವ ಸ್ಥಳಗಳು ಈ ನಾಲ್ಕೇ. ಅವುಗಳಲ್ಲಿ ಎರಡು ಈ ಒಂದು ತಾಲ್ಲೂಕಿನಲ್ಲಿವೆ.

ಆ ಶಾಸನಗಳಲ್ಲಿ ಅರಸನು ಹೇಳಿಕೊಂಡಿರುವುದು ಕೇವಲ ಆಜ್ಞೆಯನ್ನಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗಿಂತ ಹೆಚ್ಚಾಯಿತೆಂದೂ ಮೊದಲ ಒಂದು ವರ್ಷ ತನ್ನ ಪ್ರಯತ್ನ ಸಾಲದಾಗಿತ್ತೆಂದೂ ಸಂಘದ ಸಮೀಪಕ್ಕೆ ಬಂದ ಮೇಲೆ ಶ್ರಮಪಟ್ಟೆನೆಂದೂ ಅವನು ಹೇಳುತ್ತಾನೆ. ತನ್ನ ಶೈಥಿಲ್ಯವನ್ನು ಪ್ರಜೆಗಳ ಮುಂದೆ ಕಲ್ಲಿನಲ್ಲಿ ಬರೆಯಿಸಿದ ಅರಸರು ವಿರಳ. ಅದೇ ಬಂಡೆಗಳಲ್ಲಿರುವ ಎರಡನೆಯ ಶಾಸನವು ತಾಯಿತಂದೆಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುವಿನಲ್ಲಿ ಶಿಷ್ಯನ ಗೌರವ ಇವುಗಳನ್ನು ವಿಧಿಸುತ್ತದೆ. ಒಂದು ಭಾಗದಲ್ಲಿ ವ್ಯಕ್ತಿಯ ಆತ್ಮವೃತ್ತ, ಇನ್ನೊಂದರಲ್ಲಿ ಮಗ, ಶಿಷ್ಯ, ಬಂಧು ಎಂಬ ಸ್ಥಾನಗಳಿಂದ ಗೊತ್ತಾಗುವ ಮನುಷ್ಯ. ಇಲ್ಲಿಂದ ದಕ್ಷಿಣಕ್ಕೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಗುಂಪಿನ ಶಾಸನಗಳನ್ನು ಬರೆದ ಲಿಪಿಕಾರ ಚಪಡನು ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು ಮುಗಿಸಿ, ತಾನು ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ವಾಯವ್ಯ ಗಡಿನಾಡಿನ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದನ್ನು ಓದಬಲ್ಲವರು ಆ ನೆಲದಲ್ಲಿ ಇದ್ದಿರಲಾರರು. ಯಾರಿಗಾಗಿ ಬರೆದ ಎಂದು ಕೇಳಿದರೆ ತನಗಾಗಿ ಎಂದೇ ಹೇಳಬೇಕಾಗುತ್ತದೆ.

ಮಧ್ಯಯುಗದ ಶಾಸನಗಳಿಗೆ ಬಂದರೆ ಚಿತ್ರವು ಬೇರೆ. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಕುರುಗೋಡಿನಿಂದ ಆಳಿದ ಸಿಂದರ ಕಾಲದಲ್ಲಿ ಈ ಪ್ರದೇಶ ಬಲ್ಲಕುಂದೆ ಮುನ್ನೂರು ಎಂಬ ನಾಡು. ಆ ಕಾಲದ ಶಾಸನಗಳು ದಾನಿಯನ್ನು ಅವನ ವಂಶ, ಸ್ವಾಮಿ, ಗುರು, ನಾಡು ಇವುಗಳಿಂದ ಪರಿಚಯಿಸುತ್ತವೆ. ಅವನ ಮನೆಮಾತು ಯಾವುದೆಂದು ಹೇಳುವುದಿಲ್ಲ. ಹೇಳುವ ಅಗತ್ಯ ಯಾರಿಗೂ ತೋರಿರಲಿಲ್ಲ. ವಿಜಯನಗರದ ಅರಸರು ಕನ್ನಡ, ತೆಲುಗು, ತಮಿಳು, ಸಂಸ್ಕೃತಗಳಲ್ಲಿ ಶಾಸನಗಳನ್ನು ಹಾಕಿಸಿದರು. ಅದರಿಂದ ಅವರು ಯಾರವರು ಎಂಬ ಜಿಜ್ಞಾಸೆ ಹುಟ್ಟಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ ಜೈನ. ಹಂಪೆಯಲ್ಲಿ 1385ರ ಸುಮಾರಿಗೆ ಕುಂಥುಜಿನನಾಥನ ಚೈತ್ಯಾಲಯವನ್ನು ಕಟ್ಟಿಸಿದವನು. ಸಂಸ್ಕೃತದಲ್ಲಿ ನಾನಾರ್ಥರತ್ನಮಾಲಾ ಎಂಬ ನಿಘಂಟನ್ನು ರಚಿಸಿದವನು. ಸೇನಾನಿ, ಶ್ರಾವಕ, ಕೋಶಕಾರ ಎಂಬ ಮೂರು ಗುರುತುಗಳಲ್ಲಿ ಒಂದನ್ನು ಆರಿಸಿಕೊಳ್ಳೆಂದು ಅವನನ್ನು ಯಾರೂ ಕೇಳಲಿಲ್ಲ.

ಹಾಗೆಂದು ಆ ಕಾಲವನ್ನು ಸಾಮರಸ್ಯದ ಸುವರ್ಣಯುಗವೆಂದು ಬಣ್ಣಿಸುವುದು ಸರಿಯಲ್ಲ. 1368ರಲ್ಲಿ ಆನೆಗೊಂದಿ, ಪೆನುಗೊಂಡೆ ಮೊದಲಾದ ಸ್ಥಳಗಳ ಜೈನರು, ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಬುಕ್ಕರಾಯನ ಬಳಿ ಮೊರೆಯಿಟ್ಟ ಸಂಗತಿ ಶ್ರವಣಬೆಳಗೊಳದ ಶಾಸನದಿಂದ ತಿಳಿಯುತ್ತದೆ. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕನ್ನು ಜೈನರಿಗೆ ಉಳಿಸಿದನು. ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಜೈನರು ಕೊಡುವ ಮೊತ್ತದಿಂದ ಬೆಳಗೊಳಕ್ಕೆ 20 ಮಂದಿ ಕಾವಲುಗಾರರನ್ನು ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನೆಂಬ ವೈಷ್ಣವನಿಗೇ ಒಪ್ಪಿಸಲಾಯಿತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ವ್ಯಾಜ್ಯವು ಯಾವ ವಾದ್ಯವನ್ನು ಯಾರು ಬಾರಿಸಬೇಕೆಂಬ ಪ್ರಶ್ನೆಯ ಸುತ್ತ ನಿಂತಿದ್ದುದು. ಗುಂಪಿನ ಗುರುತು ಒಳಗಿನ ನಂಬಿಕೆಯಿಂದ ಮಾತ್ರ ಉಳಿಯುವುದಿಲ್ಲ; ಬೀದಿಯಲ್ಲಿ ಇತರರು ಅದನ್ನು ಕಂಡು ಒಪ್ಪಬೇಕಾಗುತ್ತದೆ.

1800ರ ಅಕ್ಟೋಬರ್‌ನಲ್ಲಿ ನಿಜಾಮನು ಕಂಪನಿಯ ಸೇನೆಯ ವೆಚ್ಚಕ್ಕಾಗಿ ಬಳ್ಳಾರಿ, ಕಡಪ ಮೊದಲಾದ ಸೀಮೆಗಳನ್ನು ಬಿಟ್ಟುಕೊಟ್ಟನು. ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಹೊಲಹೊಲವನ್ನು ಅಳೆಯಿಸಿ ಕಂದಾಯ ಕಟ್ಟಿದನು. ಮುಂದೆ ಮದರಾಸು ಪ್ರಾಂತದ ಬಹುಭಾಗದಲ್ಲಿ ನೆಲೆಗೊಂಡ ರೈತವಾರಿ ಪದ್ಧತಿಯ ಮೂಲಪ್ರಯೋಗಗಳಲ್ಲಿ ಇದೂ ಒಂದು. ಅದರ ಆರ್ಥಿಕ ಪರಿಣಾಮಗಳನ್ನು ಇತಿಹಾಸಕಾರರು ವಿಪುಲವಾಗಿ ಚರ್ಚಿಸಿದ್ದಾರೆ. ಇನ್ನೊಂದು ಪರಿಣಾಮದ ಕಡೆಗೆ ಅಷ್ಟಾಗಿ ಗಮನ ಹರಿದಿಲ್ಲ. ಪಾಳೆಯಗಾರನ ಮೂಲಕವೋ ಊರಗೌಡನ ಮೂಲಕವೋ ಸರ್ಕಾರಕ್ಕೆ ಗೊತ್ತಿದ್ದ ಸಾಮಾನ್ಯ ಒಕ್ಕಲಿಗನು ಈಗ ತಂದೆಯ ಹೆಸರು, ಸ್ವಂತ ಹೆಸರು, ಹೊಲದ ಸಂಖ್ಯೆಗಳೊಡನೆ ಪಟ್ಟೆಯಲ್ಲಿ ಕಾಣಿಸಿಕೊಂಡನು. ವ್ಯಕ್ತಿಯು ವ್ಯಕ್ತಿಯಾಗಿ ರಾಜ್ಯದ ಕಡತದೊಳಗೆ ಬಂದದ್ದು ಸಾಲಗಾರನ ರೂಪದಲ್ಲಿ. ಅದೇ ಮನೆಯ ಹೆಂಗಸು ಅದೇ ಹೊಲದಲ್ಲಿ ದುಡಿದರೂ ಕಡತದಲ್ಲಿ ಅವಳ ಹೆಸರು ಅಪರೂಪ.

ವ್ಯಕ್ತಿಯನ್ನು ಪಟ್ಟೆಯು ಗುರುತಿಸಿದಂತೆ ಸಮುದಾಯವನ್ನು ಗುರುತಿಸಿದ್ದು ಜನಗಣತಿ. 1881ರ ಗಣತಿಯಿಂದ ಜೈನರನ್ನು ಪ್ರತ್ಯೇಕವಾಗಿ ಎಣಿಸುವ ಪದ್ಧತಿ ಬಂದಿತು. ಆದರೂ ಎಷ್ಟೋ ಜೈನರು ಹಿಂದೂ ಎಂದೇ ದಾಖಲಾಗುತ್ತ ಹೋದರು. 1959ರಲ್ಲಿ ಜೈನ ಸಮುದಾಯದ ಸಾಮಾಜಿಕ ಸಮೀಕ್ಷೆಯನ್ನು ಪ್ರಕಟಿಸಿದ ವಿಲಾಸ ಸಂಗವೆ ಅವರಿಗೂ ಈ ತೊಡಕು ಎದುರಾಗಿತ್ತು. ಗಣಕನು ಕೇಳಲಿಲ್ಲ, ಇಲ್ಲವೆ ಕೇಳಿದಾಗ ಉತ್ತರಿಸಿದವನು ಜಾತಿಯ ಹೆಸರನ್ನು ಹೇಳಿದನು. ನ್ಯಾಯಾಲಯದಲ್ಲಿಯೂ ಇದೇ ಇಬ್ಬಗೆ. 1927ರಲ್ಲಿ ವರದಿಯಾದ ದತ್ತಕದ ದಾವೆಯೊಂದರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಕುಮಾರಸ್ವಾಮಿ ಶಾಸ್ತ್ರಿಯವರು, ಜೈನಧರ್ಮವು ಹಿಂದೂ ಧರ್ಮದಿಂದ ಸಿಡಿದು ಹೋದ ಶಾಖೆಯಲ್ಲವೆಂಬ ಸಂಶೋಧನೆಯನ್ನು ಒಪ್ಪಿದರೂ ಹಿಂದಿನ ತೀರ್ಪುಗಳ ಕಟ್ಟಿಗೆ ಒಳಗಾಗಿ ಹಿಂದೂ ಕಾನೂನನ್ನೇ ಅನ್ವಯಿಸಬೇಕಾಯಿತು. 1955ರ ಹಿಂದೂ ವಿವಾಹ ಕಾಯಿದೆಯು ಜೈನರಿಗೂ ಅನ್ವಯಿಸುತ್ತದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಅಧಿಸೂಚಿಸಿತು. ಒಬ್ಬನೇ ಗೃಹಸ್ಥನು ಮದುವೆಯ ಕಡತದಲ್ಲಿ ಒಂದು, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಇನ್ನೊಂದು.

ದೇಶನೂರು ಸೀಮೆಯ ಮಟ್ಟಿಗೆ ನಿರ್ಣಾಯಕವಾದದ್ದು ಧರ್ಮದ ಅಂಕಣವಲ್ಲ, ಮಾತೃಭಾಷೆಯ ಅಂಕಣ. ಅದಕ್ಕೆ ಹಿನ್ನೆಲೆಯಾಗಿ ಬಳ್ಳಾರಿ ನಗರದ ಒಂದು ತಲೆಮಾರಿನ ಸಾಂಸ್ಕೃತಿಕ ಬದುಕನ್ನು ನೆನೆಯಬೇಕು. ಇಲ್ಲಿ ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು ಮತ್ತು ಕೋಲಾಚಲಂ ಶ್ರೀನಿವಾಸರಾಯರು ಆಧುನಿಕ ತೆಲುಗು ನಾಟಕದ ಆದ್ಯರಲ್ಲಿ ಸೇರಿದವರು. ಧರ್ಮವರಂ ಅವರ ಸೋದರಳಿಯ, ತಾನೂ ವಕೀಲನಾಗಿದ್ದ ಬಳ್ಳಾರಿ ರಾಘವ ತೆಲುಗು ರಂಗದ ಮಹಾನಟ, ಕನ್ನಡದಲ್ಲಿಯೂ ಅಭಿನಯಿಸಿದವನು. ಅವನ ಒಡನಾಟದಲ್ಲಿ ಬೆಳೆದ ಜೋಳದರಾಶಿ ದೊಡ್ಡನಗೌಡರು ಎರಡೂ ಭಾಷೆಗಳ ರಂಗವನ್ನು ಬಲ್ಲವರಾಗಿದ್ದು ಕನ್ನಡದ ಗಮಕಕ್ಕೆ ಹೆಸರಾದರು. ಆದರೆ ಅದೇ ವರ್ಷಗಳಲ್ಲಿ ಅದೇ ನೆಲವನ್ನು ಎರಡು ಚಳವಳಿಗಳು ತಮ್ಮದೆಂದು ಕರೆಯತೊಡಗಿದ್ದವು. ಕನ್ನಡ ಸಾಹಿತ್ಯ ಸಮ್ಮೇಳನ 1920ರಲ್ಲಿ ಹೊಸಪೇಟೆಯಲ್ಲಿಯೂ, 1926ರಲ್ಲಿ ಫ.ಗು. ಹಳಕಟ್ಟಿಯವರ ಮತ್ತು 1938ರಲ್ಲಿ ರಂಗನಾಥ ದಿವಾಕರರ ಅಧ್ಯಕ್ಷತೆಯಲ್ಲಿ ಬಳ್ಳಾರಿಯಲ್ಲಿಯೂ ಸೇರಿತು. 1928ರಲ್ಲಿ ನಂದ್ಯಾಲದಲ್ಲಿ ಕೂಡಿದ ಆಂಧ್ರರು ಬಿಟ್ಟುಕೊಟ್ಟ ಜಿಲ್ಲೆಗಳು ಎಂಬ ಹೀನಾಯದ ಹೆಸರನ್ನು ಕಳಚಿ ರಾಯಲಸೀಮೆ ಎಂಬ ಹೊಸ ಹೆಸರಿಟ್ಟರು. ಬಳ್ಳಾರಿಯೂ ಆ ಹೆಸರಿನ ಒಳಗಿತ್ತು. ಕಾಂಗ್ರೆಸ್ ಸಂಸ್ಥೆಯು 1920ರ ನಾಗಪುರ ಅಧಿವೇಶನದಲ್ಲಿ ಭಾಷೆಯ ಆಧಾರದ ಮೇಲೆ ಪ್ರಾಂತ ಸಮಿತಿಗಳನ್ನು ರಚಿಸಲು ನಿರ್ಧರಿಸಿದೊಡನೆಯೇ ಬಳ್ಳಾರಿ ಜಿಲ್ಲೆ ಯಾರ ಪಾಲಿಗೆಂಬ ವಿವಾದ ಎದ್ದು ಎನ್.ಸಿ. ಕೇಳ್ಕರರ ಮಧ್ಯಸ್ಥಿಕೆಗೆ ಹೋಯಿತು. ಯಾರ ಪೈಕಿ ಎಂಬ ಕಟ್ಟೆಯ ಪ್ರಶ್ನೆಯನ್ನು ಈಗ ಒಂದು ಇಡೀ ಜಿಲ್ಲೆಗೇ ಕೇಳಲಾಗುತ್ತಿತ್ತು.

1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಮಡಿದರು. ನಾಲ್ಕು ದಿನಗಳ ಅನಂತರ ಪ್ರಧಾನಿ ನೆಹರೂ ಆಂಧ್ರರಾಜ್ಯ ರಚನೆಯನ್ನು ಘೋಷಿಸಿದರು. ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಸಿರುಗುಪ್ಪವೂ ಸೇರಿದಂತೆ ಆರು ತಾಲ್ಲೂಕುಗಳು ಮೈಸೂರಿಗೆ ಎಂದು ನಿಶ್ಚಯವಾಯಿತು. ಬಳ್ಳಾರಿ ತಾಲ್ಲೂಕು ಮಾತ್ರ ಇತ್ಯರ್ಥವಾಗದೆ ಉಳಿಯಿತು. ಅದನ್ನು ಪರಿಶೀಲಿಸಲು ಹೈದರಾಬಾದಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ನೇಮಕವಾದರು, 1953ರ ಮೇ ತಿಂಗಳಲ್ಲಿ ಅವರು ತಾಲ್ಲೂಕು ಮೈಸೂರಿಗೆ ಸೇರತಕ್ಕದ್ದೆಂದು ವರದಿಯಿತ್ತರು.

ಆ ವರ್ಷದ ವಾದವಿವಾದಗಳಲ್ಲಿ ಎರಡು ಪಕ್ಷಗಳೂ ಗಣತಿಯ ಅಂಕಿಗಳನ್ನು ಆಯುಧ ಮಾಡಿಕೊಂಡವು. ಅಂಕಿಗಳು ಹುಟ್ಟಿದ ಬಗೆಯನ್ನು ಇಲ್ಲಿ ನೋಡಬೇಕು. 1951ರ ಗಣತಿಯ ಸೂಚನೆಯ ಪ್ರಕಾರ ಮಾತೃಭಾಷೆಯೆಂದರೆ ತೊಟ್ಟಿಲಿನಿಂದ ಆಡಿದ ಭಾಷೆ. ಎರಡನೆಯ ಭಾಷೆಗೆ ಬೇರೆ ಪ್ರಶ್ನೆಯಿತ್ತು; ಆದರೆ ಗಡಿಯನ್ನು ಎಳೆಯಲು ಬಳಕೆಯಾದದ್ದು ಮೊದಲನೆಯದು. ಸಿರುಗುಪ್ಪ, ಆಲೂರು, ಆದವಾನಿಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧಗಳು ಭಾಷೆಯನ್ನು ನೋಡಿ ನಡೆದವಲ್ಲ, ಕುಲವನ್ನು ನೋಡಿ ನಡೆದವು. ತಾಯಿ ತೆಲುಗಿನಲ್ಲಿ ತೂಗಿದ ತೊಟ್ಟಿಲಿನ ಬಳಿ ಅಜ್ಜಿ ಕನ್ನಡದಲ್ಲಿ ಹರಸುತ್ತಿದ್ದ ಮನೆಯಲ್ಲಿ ಮಗುವಿನ ತೊಟ್ಟಿಲ ಭಾಷೆ ಯಾವುದು? ಎರಡೂ ಎಂಬ ಉತ್ತರವನ್ನು ಅಂಕಣವು ಸ್ವೀಕರಿಸುತ್ತಿರಲಿಲ್ಲ. ಆ ಮನೆಯ ಯಜಮಾನನು ಒಂದನ್ನು ಹೇಳಿದ. ಇನ್ನೊಂದು ಲೆಕ್ಕದಿಂದ ಅಳಿಯಿತು. ಮನೆಯಿಂದ ಅಳಿಯಲಿಲ್ಲ. ನಗರದಲ್ಲಿ ಉರ್ದು, ತಮಿಳು, ಮರಾಠಿ, ಮಾರವಾಡಿ ಮಾತನಾಡುವವರ ಪಾಡು ಇನ್ನೂ ವಿಚಿತ್ರ: ಅವರನ್ನು ಕೂಡಿಸಬೇಕೋ ಕಳೆಯಬೇಕೋ ಎಂಬುದೇ ಚರ್ಚೆಯಾಯಿತು, ಅವರಿಗೆ ಏನು ಬೇಕು ಎಂಬುದು ಅಪ್ರಸ್ತುತವಾಯಿತು.

1953ರ ಅಕ್ಟೋಬರ್ 1ರಂದು ವಿಲೀನ. ಅದರ ಮುನ್ನಾದಿನಗಳಲ್ಲಿ ಬಳ್ಳಾರಿಯಲ್ಲಿ ಉತ್ಸವದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ವಿರೋಧಿಗಳ ದಾಳಿಗೆ ಬಲಿಯಾದರು. ಕರ್ನಾಟಕ ಏಕೀಕರಣದ ಹುತಾತ್ಮರೆಂದು ಅವರ ಹೆಸರು ನಿಂತಿದೆ. ಪಿಂಜಾರರು ಹತ್ತಿ ಹಿಂಜುವ ಕಸುಬಿನ ಮುಸ್ಲಿಂ ಸಮುದಾಯ. ಗಣತಿಯ ಅಂಕಿಗಳನ್ನು ಮುಂದಿಟ್ಟು ವಾದಿಸಿದವರ ಲೆಕ್ಕಾಚಾರದಲ್ಲಿ ಇಂಥ ಸಮುದಾಯವು ಕನ್ನಡದ ಪಕ್ಷಕ್ಕೆ ಸಲ್ಲುವುದೆಂದು ಮುಂಚಿತವಾಗಿ ಹೇಳುವಂತಿರಲಿಲ್ಲ. ವ್ಯಕ್ತಿಯು ತಾನು ಯಾರ ಪೈಕಿ ಎಂಬುದನ್ನು ಕಸುಬು, ಮತ, ಮನೆಮಾತುಗಳಿಂದ ಪಡೆಯುವುದು ನಿಜ; ಕೆಲವು ಸಲ ಅವುಗಳ ಹೊರಗೆ ನಿಂತು ಸ್ವತಃ ಗೊತ್ತುಮಾಡಿಕೊಳ್ಳುತ್ತಾನೆ. ಸಮಾಜಶಾಸ್ತ್ರದ ಗ್ರಂಥಗಳು ಈ ಎರಡನೆಯದಕ್ಕೆ ಕೊಟ್ಟಿರುವ ಎಡೆ ಸಾಲದು.

ವಿಲೀನದಿಂದ ವಿಷಯ ಮುಗಿಯಲಿಲ್ಲ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರ್ 30ರಂದು ಸಲ್ಲಿಸಿದ ವರದಿಯಲ್ಲಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನೂ ಮಲ್ಲಾಪುರ ಉಪತಾಲ್ಲೂಕಿನ ಒಂದು ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಇಲ್ಲಿ ಭಾಷೆ ಹಿಂದಕ್ಕೆ ಸರಿದು ಕಾಲುವೆ ಮುಂದಕ್ಕೆ ಬಂದಿತ್ತು. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ಬಿಟ್ಟ ತುಂಗಭದ್ರಾ ಅಣೆಕಟ್ಟು ಮಲ್ಲಾಪುರದಲ್ಲಿದೆ. ಅದರ ಬಲದಂಡೆಯ ಕೆಳಮಟ್ಟದ ಕಾಲುವೆ ಬಳ್ಳಾರಿ, ಸಿರುಗುಪ್ಪಗಳನ್ನು ದಾಟಿ ಆಂಧ್ರದ ಬರಸೀಮೆಗೆ ಹೋಗುತ್ತದೆ. ನೀರನ್ನು ಅವಲಂಬಿಸಿದವರ ಕೈಯಲ್ಲಿಯೇ ಅಣೆಕಟ್ಟಿನ ನೆಲವೂ ಇರಲಿ ಎಂಬುದು ಆಯೋಗದ ತರ್ಕ. ಎರಡು ವರ್ಷಗಳ ಹಿಂದೆ ತೊಟ್ಟಿಲಿನ ಮಾತಿನಿಂದ ಕನ್ನಡಿಗರೆನಿಸಿದ ಸಿರುಗುಪ್ಪದವರನ್ನು ಈಗ ಕಾಲುವೆಯ ನೀರಿನಿಂದ ಆಂಧ್ರರೆನ್ನಿಸುವ ಯೋಚನೆ. ಕರ್ನಾಟಕದಲ್ಲಿ ತೀವ್ರ ಪ್ರತಿಭಟನೆ ನಡೆಯಿತು. ಕೇಂದ್ರ ಸರ್ಕಾರ ಶಿಫಾರಸನ್ನು ಅಂಗೀಕರಿಸಲಿಲ್ಲ. 1956ರ ನವೆಂಬರ್ 1ರಂದು ಸಿರುಗುಪ್ಪ ಹೊಸ ಮೈಸೂರು ರಾಜ್ಯದಲ್ಲಿಯೇ ಉಳಿಯಿತು. ಆದವಾನಿ, ಆಲೂರು, ರಾಯದುರ್ಗಗಳಲ್ಲಿ ಉಳಿದ ಕನ್ನಡಿಗರು ಮಾತ್ರ ಗಡಿನಾಡ ಕನ್ನಡಿಗರೆಂಬ ಹೊಸ ವಿಶೇಷಣವನ್ನು ಪಡೆದರು. ಅವರು ಕದಲಲಿಲ್ಲ, ಗಡಿ ಕದಲಿತು.

ನಾರ್ವೆಯ ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ತ್ 1969ರಲ್ಲಿ ಸಂಪಾದಿಸಿದ ಗ್ರ಼ಂಥದ ಪೀಠಿಕೆಯಲ್ಲಿ, ಜನವರ್ಗಗಳನ್ನು ಬೇರೆಬೇರೆಯಾಗಿ ಉಳಿಸುವುದು ಅವುಗಳ ಒಳಗಿನ ಸಂಸ್ಕೃತಿಗಿಂತ ಹೆಚ್ಚಾಗಿ ಅವುಗಳ ನಡುವಿನ ಎಲ್ಲೆ ಎಂದನು. ಜನ ಎಲ್ಲೆಯನ್ನು ದಾಟುತ್ತಿದ್ದರೂ ಎಲ್ಲೆ ಉಳಿಯುತ್ತದೆ. ಸಿರುಗುಪ್ಪದ ಕ್ಯಾಂಪುಗಳು ಇದಕ್ಕೆ ನಿದರ್ಶನ. ಕಾಲುವೆಯ ನೀರು ಬಂದ ಮೇಲೆ ಕೃಷ್ಣಾ, ಗೋದಾವರಿ ಮುಖಜ ಪ್ರದೇಶಗಳ ತೆಲುಗು ರೈತರು ಬಂದು ಭೂಮಿ ಕೊಂಡು, ಹಳೆಯ ಊರುಗಳ ಹೊರಗೆ ಕ್ಯಾಂಪುಗಳೆಂಬ ವಸತಿಗಳನ್ನು ಹೂಡಿದರು. ಜೋಳ, ಹತ್ತಿಯ ಎರೆಹೊಲ ಭತ್ತದ ಗದ್ದೆಯಾಯಿತು. ಹಳೆಯ ಊರಿನಲ್ಲಿ ತೆಲುಗು ಬಾರದವರು ಕಡಮೆ. ಆದರೂ ಬಂದವರು ಕ್ಯಾಂಪಿನವರು, ಇದ್ದವರು ಊರವರು. ಊರವರಲ್ಲಿಯೂ ತೆಲುಗು ಮನೆಮಾತಿನವರಿದ್ದರು; ಅವರನ್ನು ಯಾರೂ ಕ್ಯಾಂಪಿನವರೆಂದು ಕರೆಯಲಿಲ್ಲ. ಎಂದ ಮೇಲೆ ಎಲ್ಲೆಯನ್ನು ಹಾಕಿದ್ದು ಭಾಷೆಯಲ್ಲ. ಬಂದ ಕಾಲ, ಕೊಂಡ ನೆಲ, ಬೇಸಾಯದ ರೀತಿ. ಕ್ಯಾಂಪಿನ ಮೂರನೆಯ ತಲೆಮಾರು ಕನ್ನಡ ಶಾಲೆಯಲ್ಲಿ ಓದಿದರೂ ವಸತಿಯ ಹೆಸರಿನಲ್ಲಿ ಕ್ಯಾಂಪು ಎಂಬ ಪದ ಉಳಿದೇ ಇದೆ. ತಾತ್ಕಾಲಿಕ ಬಿಡಾರವನ್ನು ಸೂಚಿಸುವ ಪದವೊಂದು ಎಪ್ಪತ್ತು ವರ್ಷಗಳ ಊರಿಗೆ ಹೆಸರಾಗಿ ನಿಂತಿದೆ.

ಇತ್ತೀಚಿನ ಅಂಕಣವೊಂದರ ಕಥೆ ಇನ್ನೂ ಸ್ವಾರಸ್ಯವಾಗಿದೆ. ಸಂವಿಧಾನದ 371-ಜೆ ವಿಧಿಯನ್ನು 2013ರಲ್ಲಿ ಜಾರಿಗೆ ತಂದಾಗ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳ ಪಟ್ಟಿಯಲ್ಲಿ ಬಳ್ಳಾರಿಯೂ ಸೇರಿತು. 1800ರಿಂದ 1953ರವರೆಗೆ ಮದರಾಸಿನ ಆಳ್ವಿಕೆಯಲ್ಲಿದ್ದ ಜಿಲ್ಲೆ ಹೈದರಾಬಾದಿನ ಹೆಸರನ್ನು ಹೊತ್ತು ಉದ್ಯೋಗದ ಮೀಸಲಾತಿಯನ್ನು ಪಡೆಯಿತು. 2019ರಲ್ಲಿ ಆ ಹೆಸರು ಕಲ್ಯಾಣ ಕರ್ನಾಟಕವೆಂದಾಯಿತು. ಹಿಂದುಳಿದ ಪ್ರದೇಶಕ್ಕೆ ಸಂದ ಈ ನೆರವು ನ್ಯಾಯವಾದದ್ದೇ. ಆದರೆ ಸ್ಥಳೀಯನೆಂಬುದು ಊರು ಬಲ್ಲ ಸಂಗತಿಯಾಗಿರುವ ಬದಲು ಕಚೇರಿ ಕೊಡುವ ಪ್ರಮಾಣಪತ್ರವಾಯಿತು. ಕ್ಯಾಂಪಿನಲ್ಲಿ ಹುಟ್ಟಿದ ತರುಣನು ಆ ಪತ್ರಕ್ಕೆ ಅರ್ಹನು. ಹಳೆಯ ಊರಿನಿಂದ ಮೂರು ತಲೆಮಾರಿನ ಹಿಂದೆ ದುಡಿಮೆಗಾಗಿ ಬೆಂಗಳೂರಿಗೆ ಹೋಗಿ, ಜಾತ್ರೆಗೆಂದು ಮಾತ್ರ ಬರುವ ಮನೆತನದವನು ಅದನ್ನು ಪಡೆಯುವುದು ಸುಲಭವಲ್ಲ.

ಗಡಿಯು ಒಂದೇ ಜನರಿಗೆ ಎರಡು ಗುರುತುಗಳನ್ನು ಕೊಟ್ಟುದಕ್ಕೆ ಬೇಡರ ಸಮುದಾಯಕ್ಕಿಂತ ಸ್ಪಷ್ಟವಾದ ಉದಾಹರಣೆ ಈ ಸೀಮೆಯಲ್ಲಿಲ್ಲ. ಕನ್ನಡದಲ್ಲಿ ಬೇಡ, ನಾಯಕ, ವಾಲ್ಮೀಕಿ, ತೆಲುಗಿನಲ್ಲಿ ಬೋಯ. ಪಾಳೆಯಗಾರರ ಕಾಲದಿಂದ ಹಗರಿಯ ಎರಡೂ ಕಡೆಗೆ ಹರಡಿದ ಒಂದೇ ಜನ. 1953ರ ಗೆರೆ ಅವರ ನಡುವೆ ಹಾದುಹೋಯಿತು. ಕರ್ನಾಟಕದಲ್ಲಿ 1991ರಲ್ಲಿ ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು ನಾಯಕಕ್ಕೆ ಪರ್ಯಾಯವಾಗಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಿರುಗುಪ್ಪ ವಿಧಾನಸಭಾ ಕ್ಷೇತ್ರವೂ ಬಳ್ಳಾರಿ ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಗಡಿಯಾಚೆ ಆಂಧ್ರದ ಬಯಲು ಜಿಲ್ಲೆಗಳಲ್ಲಿ ಬೋಯರು ಹಿಂದುಳಿದ ವರ್ಗದವರೆಂದು ಗಣನೆಯಾದರು. ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಆಂಧ್ರಪ್ರದೇಶದ ವಿಧಾನಸಭೆ 2023ರ ಮಾರ್ಚಿಯಲ್ಲಿ ನಿರ್ಣಯ ಮಾಡಿತು. ಒಂದು ರಾಜ್ಯದಲ್ಲಿ ಹುಟ್ಟಿನಿಂದ ಬಂದ ಪಟ್ಟಿಯ ಹಕ್ಕು ಇನ್ನೊಂದು ರಾಜ್ಯಕ್ಕೆ ಹೋದಾಗ ಹಿಂಬಾಲಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ತೀರ್ಪಿತ್ತಿತ್ತು.

ಆದರೂ ಕೊಟ್ಟು ತರುವ ಸಂಬಂಧ ನಿಂತಿಲ್ಲ. ಆಲೂರಿನ ಕಡೆಯಿಂದ ಸಿರುಗುಪ್ಪದ ಹಳ್ಳಿಗೆ ಮದುವೆಯಾಗಿ ಬಂದ ಬೋಯರ ಮನೆಯ ಹೆಣ್ಣುಮಗಳು ಹುಟ್ಟಿದೂರಿನ ಪಟ್ಟಿಯನ್ನೇ ಹೊತ್ತು ಬರುತ್ತಾಳೆ. ಅವಳಿಗೆ ಇಲ್ಲಿ ಪರಿಶಿಷ್ಟ ಪಂಗಡದ ಪತ್ರ ದೊರೆಯುವುದಿಲ್ಲ. ಅವಳ ಮಗುವಿಗೆ ತಂದೆಯ ಕಡೆಯಿಂದ ದೊರೆಯುತ್ತದೆ. ಶಾಲೆಗೆ ಸೇರಿಸುವ ದಿನ ಗುರುಗಳು ಅರ್ಜಿ ತುಂಬುವಾಗ ತಾಯಿಯನ್ನು ಮೊದಲು ಕೇಳುವುದು ಮಗುವಿನ ಹೆಸರು. ಅನಂತರ ಊರು, ಮಾತೃಭಾಷೆ, ಜಾತಿ. ಅವಳು ಮಗುವಿನೊಡನೆ ತೆಲುಗಿನಲ್ಲಿ ಒಂದು ಮಾತನಾಡಿ, ಗುರುಗಳಿಗೆ ಕನ್ನಡದಲ್ಲಿ ಉತ್ತರ ಹೇಳುತ್ತಾಳೆ.